ಎಲ್ಮರ್ ಫಡ್‌ನ ಕೋವಿಯಲ್ಲಿ ಎಷ್ಟು ತೋಟೆ?

ಎಲ್ಮರ್ ಫಡ್‌ನ ಕೈಯಲ್ಲಿರುವುದು ಯಾವ ಕೋವಿ? ಬಗ್ಸ್ ಬನ್ನಿಯ ಹಿಂದೆ ಎಂಬತ್ತು ವರ್ಷಗಳಿಂದ ಸುತ್ತುತ್ತಿರುವ ಈ ಬೋಳುತಲೆಯ ಬೇಟೆಗಾರನ ಬಗ್ಗೆ ಅಮೆರಿಕದಲ್ಲಿ ಸಾಕಷ್ಟು ಬರೆದಿದ್ದಾರೆ. ಅವನ ತೊದಲಿನ ಬಗ್ಗೆ, ಅವನ ಟೋಪಿಯ ಬಗ್ಗೆ, ಹೆಣ್ಣುವೇಷ ಹಾಕಿದ ಮೊಲಕ್ಕೆ ಅವನು ಮರುಳಾಗುವುದರ ಬಗ್ಗೆ. ಕೋವಿಯ ಬಗ್ಗೆ ಮಾತ್ರ ಎಲ್ಲರೂ 'ಶಾಟ್‌ಗನ್' ಅಂದು ಮುಂದೆ ಹೋಗುತ್ತಾರೆ. ನನಗೆ ಅಷ್ಟು ಸಾಲದು.

ಇದಕ್ಕೆ ಕಾರಣ ನಾವು ಓದಿಕೊಂಡು ಬಂದ ಬೇಟೆಯ ಸಾಹಿತ್ಯ. ತೇಜಸ್ವಿಯವರು 'ಕಾಡಿನ ಕಥೆಗಳು' ಎಂದು ನಾಲ್ಕು ಸಂಪುಟಗಳಲ್ಲಿ ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ ತನ್ನ .405 ವಿಂಚೆಸ್ಟರ್ ರೈಫಲ್ಲನ್ನು ಮನೆಯ ಸದಸ್ಯನಂತೆ ಪರಿಚಯಿಸುವವನು. ಜಿಮ್ ಕಾರ್ಬೆಟ್ಟನ ಓದುಗರಿಗೆ ಅವನ .275 ರಿಗ್ಬಿ ಗೊತ್ತು. ಈ ಪುಸ್ತಕಗಳಲ್ಲಿ ಕೋವಿಗೆ ಹೆಸರಿದೆ, ಅಳತೆ ಇದೆ, ಮುಖ್ಯವಾಗಿ ಮಿತಿ ಇದೆ. ಒಳಗೆ ಇರುವುದು ಇಷ್ಟೇ ಈಡು, ಮಳೆಗೆ ಮದ್ದು ಒದ್ದೆಯಾಗಬಹುದು, ಕತ್ತಲಲ್ಲಿ ಗುರಿ ಕಾಣದಿರಬಹುದು. ಕಥೆಯ ಎದೆಬಡಿತವೆಲ್ಲ ಇರುವುದು ಆ ಮಿತಿಯಲ್ಲೇ. ಹೀಗೆ ಅಭ್ಯಾಸವಾದವರು ಎಲ್ಮರ್‌ನನ್ನು ನೋಡಿದರೆ ಬೆರಳು ಮಡಚಿ ಈಡುಗಳನ್ನು ಎಣಿಸತೊಡಗುತ್ತೇವೆ. ಎಣಿಕೆ ತಾಳೆಯಾಗುವುದಿಲ್ಲ.

ಚಕ್ ಜೋನ್ಸ್ ನಿರ್ದೇಶಿಸಿ ಮೈಕೆಲ್ ಮಾಲ್ಟೀಸ್ ಕಥೆ ಬರೆದ ಮೂರು ಚಿತ್ರಗಳನ್ನೇ ತೆಗೆದುಕೊಳ್ಳೋಣ: 'ರ‍್ಯಾಬಿಟ್ ಫೈರ್' (1951), 'ರ‍್ಯಾಬಿಟ್ ಸೀಸನಿಂಗ್' (1952), 'ಡಕ್! ರ‍್ಯಾಬಿಟ್, ಡಕ್!' (1953). ಪ್ರತಿಯೊಂದೂ ಹೆಚ್ಚುಕಡಿಮೆ ಏಳು ನಿಮಿಷದ್ದು. ಮೂರರದ್ದೂ ಒಂದೇ ವಸ್ತು. ಈಗ ಮೊಲದ ಬೇಟೆಯ ಕಾಲವೋ ಬಾತುಕೋಳಿಯ ಬೇಟೆಯ ಕಾಲವೋ ಎಂದು ಬಗ್ಸ್ ಮತ್ತು ಡ್ಯಾಫಿ ಡಕ್ ಜಗಳವಾಡುತ್ತಾರೆ, ಎಲ್ಮರ್ ಕೋವಿ ಹಿಡಿದು ಕಾಯುತ್ತಾನೆ, ಕೊನೆಗೆ ಈಡು ಬೀಳುವುದು ಡ್ಯಾಫಿಯ ಮುಖಕ್ಕೆ. ಜೋಡುನಳಿಗೆ ಕೋವಿಯಾದರೆ ಎರಡು ಈಡಿಗೆ ಮುಗಿಯಬೇಕು. ಮುಗಿಯುವುದಿಲ್ಲ. ಪಂಪ್ ಕೋವಿ ಅನ್ನೋಣವೆಂದರೆ ಪ್ರತಿ ಈಡಿಗೂ ಹಿಡಿಯನ್ನು ಹಿಂದಕ್ಕೆಳೆದು ಮುಂದೆ ತಳ್ಳಬೇಕು, ಅವನು ಹಾಗೆ ಮಾಡುವ ಪೈಕಿ ಅಲ್ಲ. ಉಳಿದದ್ದು ತಾನಾಗಿ ತೋಟೆ ಏರಿಸಿಕೊಳ್ಳುವ ಬ್ರೌನಿಂಗ್ ಆಟೋ-5ರಂಥದ್ದು. ಅದರ ಹೆಸರಿನಲ್ಲಿರುವ ಐದೇ ಅದರ ಮಿತಿ.

ಅಷ್ಟೇ ಅಲ್ಲ, ಐದು ಈಡು ಹೊಡೆದರೆ ಎಲ್ಮರ್ ಜೈಲಿಗೆ ಹೋಗಬೇಕಾಗುತ್ತದೆ. ಬಾತುಕೋಳಿ ವಲಸೆ ಹಕ್ಕಿ. 1935ರಿಂದ ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ ವಲಸೆ ಹಕ್ಕಿಗಳ ಬೇಟೆಗೆ ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯುವ ಕೋವಿಯನ್ನು ಬಳಸುವಂತಿಲ್ಲ. ಹೆಚ್ಚು ಹಿಡಿಯುವ ಕೋವಿಗೆ ಒಳಗೊಂದು ಬಿರಡೆ ತುರುಕಿರಬೇಕು. ಜೊತೆಗೆ 1934ರ ಕಾಯಿದೆಯ ಪ್ರಕಾರ ಬಾತುಕೋಳಿ ಹೊಡೆಯುವವನ ಬಳಿ 'ಡಕ್ ಸ್ಟಾಂಪ್' ಎಂಬ ಅಂಚೆಚೀಟಿಯಂಥ ಚೀಟಿ ಇರಬೇಕು. ಆ ಹಣ ಹಕ್ಕಿಗಳ ಜೌಗುನೆಲವನ್ನು ಉಳಿಸುವುದಕ್ಕೆ ಹೋಗುತ್ತದೆ. ಮೊದಲ ಚೀಟಿಯ ಮೇಲಿನ ಬಾತುಕೋಳಿಗಳನ್ನು ಬರೆದವನು ಜೇ ನಾರ್‌ವುಡ್ 'ಡಿಂಗ್' ಡಾರ್ಲಿಂಗ್. ಅವನು ಪತ್ರಿಕೆಗಳ ವ್ಯಂಗ್ಯಚಿತ್ರಕಾರ, ಪುಲಿಟ್ಜರ್ ಪಡೆದವನು, ಆಗ ವನ್ಯಜೀವಿ ಇಲಾಖೆಯ ಮುಖ್ಯಸ್ಥ ಬೇರೆ. ಅಂದರೆ ಅಮೆರಿಕದಲ್ಲಿ ಬಾತುಕೋಳಿ ಹೊಡೆಯಲು ಪರವಾನಗಿ ಕೊಟ್ಟ ಚಿತ್ರವೇ ಒಬ್ಬ ಕಾರ್ಟೂನಿಸ್ಟನ ಕೈಯದು. ಇನ್ನು ಜಗಳದ ಮೂಲವಾದ 'ಮೊಲದ ಕಾಲ, ಬಾತುಕೋಳಿಯ ಕಾಲ' ಎಂಬ ವಿಂಗಡಣೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಈ ಎರಡು ಕಾಲಗಳೂ ಚಳಿಗಾಲದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಬಗ್ಸ್ ಮತ್ತು ಡ್ಯಾಫಿ ಇಬ್ಬರೂ ಹೇಳುತ್ತಿರುವುದು ನಿಜವೇ ಇರಬಹುದು. ಮರಗಳಿಗೆ ಹೊಡೆದ ಬೋರ್ಡುಗಳನ್ನು ನಂಬುವ ಬದಲು ನಿಯಮಪುಸ್ತಕ ತೆರೆದಿದ್ದರೆ ಎಲ್ಮರ್ ಇಬ್ಬರನ್ನೂ ಹೊಡೆಯಬಹುದಿತ್ತು. ಓದದ ಬೇಟೆಗಾರ.

ಇದೇ ಸರಣಿಯಲ್ಲಿ ಒಂದು ಕಡೆ ಎಲ್ಮರ್ ತನ್ನ ಗುಂಡು ಮುಗಿಯಿತು ಎನ್ನುತ್ತಾನೆ. ಮೊದಲನೆಯದಾಗಿ ಶಾಟ್‌ಗನ್ನಿನಲ್ಲಿ ಗುಂಡು ಇರುವುದಿಲ್ಲ, ತೋಟೆಯೊಳಗೆ ಚರೆ ಇರುತ್ತದೆ. ಈ ವ್ಯತ್ಯಾಸ ಮಲೆನಾಡಿನ ಯಾವ ಹುಡುಗನಿಗೂ ಗೊತ್ತು. ಎರಡನೆಯದು, ಡ್ಯಾಫಿ ಪರೀಕ್ಷೆಗೆಂದು ಕೋವಿಯನ್ನು ತಾನು ಎತ್ತಿಕೊಂಡ ಕ್ಷಣವೇ ಅದು ಢಂ ಅನ್ನುತ್ತದೆ. ಎಲ್ಮರ್‌ನ ಕೈಯಲ್ಲಿ ಖಾಲಿಯಾಗಿದ್ದದ್ದು ಡ್ಯಾಫಿಯ ಕೈಯಲ್ಲಿ ತುಂಬಿರುತ್ತದೆ. ಈ ಕೋವಿಯಲ್ಲಿ ಎಷ್ಟು ತೋಟೆ ಇದೆ ಎಂಬುದಕ್ಕೆ ನನ್ನ ಉತ್ತರ ಅಲ್ಲಿಂದ ಹುಟ್ಟಿತು: ಯಾವಾಗಲೂ ಒಂದೇ, ಅದೂ ಡ್ಯಾಫಿಗಾಗಿ.

ಈಗ ಮಸಿಯ ವಿಚಾರ. ಈಡು ಬಿದ್ದ ಮೇಲೆ ಡ್ಯಾಫಿಯ ಮುಖ ಕರ್ರಗಾಗುತ್ತದೆ, ಕೊಕ್ಕು ತಲೆಯ ಹಿಂದಕ್ಕೋ ಮೇಲಕ್ಕೋ ತಿರುಗಿಕೊಳ್ಳುತ್ತದೆ. ಇದನ್ನು ಕೋವಿ ಬಲ್ಲವರು ಹಗುರವಾಗಿ ಬಿಡಬಾರದು. ಹೊಗೆ ಕಡಿಮೆಯ ಮದ್ದನ್ನು ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲೇ ಕಂಡುಹಿಡಿದಿದ್ದ, ಆ ಶತಮಾನ ಮುಗಿಯುವಷ್ಟರಲ್ಲಿ ಅದು ಶಾಟ್‌ಗನ್ನಿನ ತೋಟೆಗೂ ಬಂದಿತ್ತು. 1951ರಲ್ಲಿ ಇಷ್ಟು ಮಸಿ ಬಳಿಯುವ ಕೋವಿಯೆಂದರೆ ಅದರೊಳಗಿರುವುದು ಹಳೆಯ ಕರಿಮದ್ದು. ಕರಿಮದ್ದು ಎಂದ ಮೇಲೆ ಕೋವಿಯೂ ತಾತನ ಕಾಲದ್ದು. ಇದಕ್ಕೆ ಇನ್ನೊಂದು ಸಾಕ್ಷಿ ಇದೆ. ಟೆಕ್ಸ್ ಏವರಿ 1940ರಲ್ಲಿ ಮಾಡಿದ 'ಎ ವೈಲ್ಡ್ ಹೇರ್' ಚಿತ್ರದಲ್ಲಿ ಎಲ್ಮರ್ ಕೋವಿಯನ್ನು ಬಿಲದೊಳಗೆ ತೂರಿಸುತ್ತಾನೆ. ಒಳಗೆ ಎಳೆದಾಟ ನಡೆದು ಹೊರಬಂದಾಗ ನಳಿಗೆ ರಿಬ್ಬನ್ನಿನ ಹೂಗಂಟಿನಂತೆ ಸುತ್ತಿಕೊಂಡಿರುತ್ತದೆ. ಉಕ್ಕನ್ನು ಕೊರೆದು ಮಾಡಿದ ಇಂದಿನ ನಳಿಗೆ ಹೀಗೆ ಬಾಗದು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಡಮಾಸ್ಕಸ್ ನಳಿಗೆ ಎಂದಿತ್ತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಒಂದು ಸಲಾಕೆಗೆ ಸುರುಳಿ ಸುತ್ತಿ, ಕಾಯಿಸಿ ಬಡಿದು ಒಂದುಮಾಡಿದ ನಳಿಗೆ ಅದು. ಮೈಮೇಲೆ ಚೆಂದದ ಅಲೆಅಲೆ ಗೆರೆಗಳಿರುತ್ತವೆ. ಅದಕ್ಕೆ ಹೊಸ ಮದ್ದಿನ ತೋಟೆ ಹಾಕಬೇಡಿ, ಸೀಳಿಕೊಂಡೀತು ಎಂದು ಬಲ್ಲವರು ಈಗಲೂ ಎಚ್ಚರಿಸುತ್ತಾರೆ. ಸುತ್ತಿ ಮಾಡಿದ್ದು ಬಿಚ್ಚಿಕೊಳ್ಳಲೂಬಹುದು ಎಂಬ ತರ್ಕದಲ್ಲಿ ನಾನು ಇಷ್ಟನ್ನು ಮಂಡಿಸುತ್ತೇನೆ: ಎಲ್ಮರ್‌ನದ್ದು ಮನೆತನದ ಡಮಾಸ್ಕಸ್ ಕೋವಿ. ಅದರ ತುದಿ ಬಾಳೆಹಣ್ಣಿನ ಸಿಪ್ಪೆಯಂತೆ ಅರಳಿಕೊಳ್ಳುವ ಆ ಹಳೇ ತಮಾಷೆಗೂ ಇದರಿಂದ ಒಂದು ನೆಲೆ ಸಿಗುತ್ತದೆ. ಬೆರಳು ತುರುಕಿದರೆ ನಳಿಗೆ ಸೀಳುವುದು ಸಿನಿಮಾ ಮಾತು. ಆದರೆ ಮಣ್ಣೋ ಹಿಮವೋ ಕಟ್ಟಿಕೊಂಡ ನಳಿಗೆ ನಿಜವಾಗಿಯೂ ಉಬ್ಬುತ್ತದೆ, ಒಡೆಯುತ್ತದೆ.

ಆದರೆ ಚರೆ ಎಲ್ಲಿ? 12 ಬೋರ್ ಎಂದರೆ ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ, ಸುಮಾರು 18.5 ಮಿಲಿಮೀಟರ್. ಅದನ್ನು ಮುಖಕ್ಕೆ ಮುಟ್ಟುವಂತೆ ಹಿಡಿದು ಹೊಡೆದರೆ ಚರೆ ಹರಡುವುದಕ್ಕೂ ಸಮಯವಿಲ್ಲ. ಇಡೀ ಚರೆ ಒಂದೇ ಮುದ್ದೆಯಾಗಿ ನುಗ್ಗುತ್ತದೆ. ಆಮೇಲೆ ಕೊಕ್ಕು ತಿರುಗಿಸಿಕೊಂಡು ಮಾತಾಡುವ ಪ್ರಶ್ನೆ ಬರುವುದಿಲ್ಲ. ಡ್ಯಾಫಿಯ ಮೈಮೇಲೆ ಒಂದೇ ಒಂದು ತೂತಿಲ್ಲ. ಸದ್ದು, ಹೊಗೆ, ಮಸಿ, ಒಂದು ತಳ್ಳು, ಅಷ್ಟೇ. ಮದ್ದಿದೆ, ಚರೆಯಿಲ್ಲ. ಅಂದರೆ ಎಲ್ಮರ್ ಹೊಡೆಯುತ್ತಿರುವುದು ಬರೀ ತೋಟೆ.

ಚರೆ ತೆಗೆದವರು ಯಾರು ಎಂದು ಯೋಚಿಸಿದಾಗ ಕೆಲವು ಸಂಗತಿಗಳು ಒಂದಕ್ಕೊಂದು ಅಂಟಿಕೊಂಡವು. 'ರ‍್ಯಾಬಿಟ್ ಫೈರ್'ನಲ್ಲಿ ಬಗ್ಸ್ ಮತ್ತು ಡ್ಯಾಫಿ ಅಡುಗೆ ಪುಸ್ತಕ ಹಿಡಿದು ಒಬ್ಬರನ್ನೊಬ್ಬರು ಬೇಯಿಸುವ ವಿಧಾನಗಳನ್ನು ಓದುವಾಗ ಎಲ್ಮರ್ ಸಂಕೋಚದಿಂದ ತಾನು ಸಸ್ಯಾಹಾರಿ ಎನ್ನುತ್ತಾನೆ. ಬೇಟೆ ಬರೀ ಆಟಕ್ಕಂತೆ. 'ಎ ವೈಲ್ಡ್ ಹೇರ್'ನಲ್ಲಿ ಬಗ್ಸ್ ತಾನಾಗಿ ಎದೆಯೊಡ್ಡಿ ಒಂದು ಈಡು ಹೊಡೆಯಲು ಬಿಟ್ಟು ಸತ್ತಂತೆ ಬಿದ್ದುಕೊಂಡಾಗ ಇವನು ಗೊಳೋ ಎಂದು ಅಳುತ್ತಾನೆ. ಹದಿನೇಳು ವರ್ಷ ಬಿಟ್ಟು, 'ವಾಟ್ಸ್ ಒಪೆರಾ, ಡಾಕ್?' (1957) ಚಿತ್ರದಲ್ಲಿ ಇನ್ನೊಮ್ಮೆ ಅಳುತ್ತಾನೆ. ಅಲ್ಲಿ ಎಲ್ಮರ್ ವಾಗ್ನರ್‌ನ ಸಂಗೀತನಾಟಕದ ವೀರ. ಕೈಯಲ್ಲಿ ಭರ್ಜಿ, ತಲೆಯ ಮೇಲೆ ಮಾಂತ್ರಿಕ ಶಿರಸ್ತ್ರಾಣ. ಕೋಪದಲ್ಲಿ ಸಿಡಿಲು ಕರೆಯುತ್ತಾನೆ, ಸಿಡಿಲಿಗೆ ಮೊಲ ಬೀಳುತ್ತದೆ, ಮೊಲವನ್ನೆತ್ತಿಕೊಂಡು ಕಣ್ಣೀರು ಸುರಿಸುತ್ತಾ ನಡೆಯುತ್ತಾನೆ. ಎಲ್ಮರ್ ಗೆದ್ದ ಬೇಟೆ ಎಂದು ಹೇಳಬಹುದಾದದ್ದು ಇದೊಂದು. ಅದರಲ್ಲಿ ಕೋವಿಯೇ ಇಲ್ಲ ಎಂಬುದನ್ನು ಗಮನಿಸಬೇಕು. ಮೊಲ ಸತ್ತರೆ ಅಳುವ, ಮಾಂಸ ತಿನ್ನದ ಒಬ್ಬ ಮನುಷ್ಯ ರಾತ್ರಿ ಕೂತು ತೋಟೆಗಳ ಬಾಯಿ ಬಿಚ್ಚಿ ಚರೆಯನ್ನೆಲ್ಲ ಡಬ್ಬಿಗೆ ಸುರಿದು ಮತ್ತೆ ಮುಚ್ಚಿಡುತ್ತಾನೆ ಎಂದು ಊಹಿಸುವುದು ನನಗೆ ಕಷ್ಟವಲ್ಲ.

ಇದೇ ಪರೀಕ್ಷೆಗೆ ಬೇರೆ ಕಾರ್ಟೂನು ಬೇಟೆಗಾರರನ್ನು ಒಡ್ಡಿದರೆ ಎಲ್ಲರೂ ಇಷ್ಟು ಸ್ವಾರಸ್ಯದವರಲ್ಲ. ಡಿಸ್ನಿಯ 'ಬ್ಯೂಟಿ ಆ್ಯಂಡ್ ದ ಬೀಸ್ಟ್'ನ (1991) ಗ್ಯಾಸ್ಟನ್ ಹಾರುವ ಬಾತನ್ನು ಉರುಳಿಸುವುದು ತುತ್ತೂರಿ ಬಾಯಿಯ ಬ್ಲಂಡರ್‌ಬಸ್‌ನಿಂದ. ಅದು ಸಾರೋಟಿನ ಕಾವಲುಗಾರರು ಹತ್ತಿರ ಬಂದ ದರೋಡೆಕೋರರ ಮೇಲೆ ಹಾರಿಸಲು ಇಟ್ಟುಕೊಳ್ಳುತ್ತಿದ್ದ ಆಯುಧ. ಅದರಿಂದ ಆಕಾಶದ ಹಕ್ಕಿ ಬಿದ್ದರೆ ಹೊಗಳಬೇಕಾದದ್ದು ಗ್ಯಾಸ್ಟನ್‌ನ ಗುರಿಯನ್ನಲ್ಲ, ಹಕ್ಕಿಯ ದುರದೃಷ್ಟವನ್ನು. ಆದರೂ ಆ ಆಯ್ಕೆ ಪಾತ್ರಕ್ಕೆ ಒಪ್ಪುತ್ತದೆ: ಬಾಯಿ ಅಗಲ, ಸದ್ದು ಜೋರು.

ತಮಾಷೆ ಇಲ್ಲಿಗೆ ಸಾಕು ಅನ್ನುವಂತಿಲ್ಲ. ವಿಮರ್ಶೆಯ ನಿಜವಾದ ಪ್ರಶ್ನೆ ಈಗ ಬರುತ್ತದೆ. ಕೊಲ್ಲದ ಕೋವಿ ಕಥೆಯಲ್ಲಿ ಯಾಕಿದೆ? ಮೊದಲ ಅಂಕದಲ್ಲಿ ಗೋಡೆಗೆ ತೂಗುಬಿಟ್ಟ ಕೋವಿ ಮುಂದೆ ಹಾರಲೇಬೇಕು ಎಂಬ ಚೆಕಾಫನ ಮಾತನ್ನು ನಾಟಕ ಕಲಿಯುವವರೆಲ್ಲ ಕೇಳಿರುತ್ತಾರೆ. ಎಲ್ಮರ್‌ನ ಕೋವಿ ಎಲ್ಲ ಅಂಕಗಳಲ್ಲೂ ಹಾರುತ್ತದೆ, ಏನೂ ಆಗುವುದಿಲ್ಲ. ಹಾಗಿದ್ದರೆ ತೆಗೆದುಹಾಕಬಹುದಲ್ಲ?

1940ರಲ್ಲೇ ಈ ಪ್ರಯೋಗ ನಡೆದುಹೋಗಿದೆ. 'ಎ ವೈಲ್ಡ್ ಹೇರ್' ಜುಲೈಯಲ್ಲಿ ಬಂದದ್ದು. ಅದೇ ವರ್ಷ ಮಾರ್ಚಿನಲ್ಲಿ ಚಕ್ ಜೋನ್ಸ್ 'ಎಲ್ಮರ್ಸ್ ಕ್ಯಾಂಡಿಡ್ ಕ್ಯಾಮೆರಾ' ಮಾಡಿದ್ದ. ಅದರಲ್ಲಿ ಎಲ್ಮರ್ ಕಾಡಿಗೆ ಬರುವುದು ಕ್ಯಾಮೆರಾ ಹಿಡಿದು, ಪ್ರಾಣಿಗಳ ಫೋಟೋ ತೆಗೆಯಲು. ಬಗ್ಸ್‌ನ ಪೂರ್ವರೂಪವಾದ ಮೊಲವೊಂದು ಅವನನ್ನು ಹುಚ್ಚು ಹಿಡಿಯುವ ತನಕ ಕಾಡುತ್ತದೆ. ಕೊಳಕ್ಕೆ ಬಿದ್ದವನನ್ನು ಮೇಲೆತ್ತಿ, ಮತ್ತೆ ಒದ್ದು ನೀರಿಗೆ ತಳ್ಳುತ್ತದೆ. ಆ ಚಿತ್ರ ನೋಡಿದರೆ ನಗು ಬರುವುದಿಲ್ಲ. ಪಾಪದ ಮನುಷ್ಯ, ಯಾರ ತಂಟೆಗೂ ಹೋಗದೆ ಫೋಟೋ ತೆಗೆಯುತ್ತಿದ್ದಾನೆ, ಇದಕ್ಕೇನು ಬಂತು ರೋಗ ಅನ್ನಿಸುತ್ತದೆ. ನಾಲ್ಕು ತಿಂಗಳಲ್ಲಿ ಏವರಿ ಕ್ಯಾಮೆರಾ ಕಿತ್ತುಕೊಂಡು ಕೋವಿ ಕೊಟ್ಟ. ಮೊಲ ಅದೇ ತರಲೆಗಳನ್ನು ಮಾಡಿತು, ಆದರೆ ಈಗ ಅದು ಜೀವ ಉಳಿಸಿಕೊಳ್ಳುವವನ ತರಲೆ. ಕೆಣಕದೆ ಬಗ್ಸ್ ಯಾರ ಮೇಲೂ ಹೋಗಬಾರದು ಎಂಬುದನ್ನು ಜೋನ್ಸ್ ಮುಂದೆ ತನ್ನ ಚಿತ್ರಗಳಿಗೆ ಕಟ್ಟುನಿಟ್ಟಿನ ನಿಯಮ ಮಾಡಿಕೊಂಡ. ಕೋವಿಯ ಕೆಲಸ ಮೊಲವನ್ನು ಕೊಲ್ಲುವುದಲ್ಲ, ಮೊಲವನ್ನು ನಿರಪರಾಧಿ ಮಾಡುವುದು.

ಎರಡನೆಯ ಕೆಲಸ ಇನ್ನೂ ಸೂಕ್ಷ್ಮದ್ದು. ಕೋವಿ ದೂರದಿಂದ ಹೊಡೆಯಲು ಇರುವ ಆಯುಧ. ಎಲ್ಮರ್ ಅದನ್ನು ಯಾವಾಗಲೂ ಎದುರಿನವನ ಮೂಗಿಗೆ ಹಿಡಿಯುತ್ತಾನೆ, ಹಿಡಿದು ಕಾಯುತ್ತಾನೆ. ಕಾಯುವುದು ಮುಖ್ಯ. ಗುರಿ ಹಿಡಿದಾಗಿದೆ, ಟ್ರಿಗರ್ ಒತ್ತಿಲ್ಲ, ಆ ನಡುವಿನ ಗಳಿಗೆಯಲ್ಲಿ ಮಾತು ನಡೆಯುತ್ತದೆ. 'ರ‍್ಯಾಬಿಟ್ ಸೀಸನಿಂಗ್'ನ ಪ್ರಸಿದ್ಧ ದೃಶ್ಯದಲ್ಲಿ ಬಗ್ಸ್ ಎಲ್ಮರ್‌ನನ್ನು, ನನ್ನನ್ನು ಈಗಲೇ ಹೊಡೆಯುತ್ತೀಯೋ ಮನೆಗೆ ಹೋದ ಮೇಲೋ ಎಂದು ಕೇಳುತ್ತಾನೆ. ಡ್ಯಾಫಿ ನಡುವೆ ಬಾಯಿ ಹಾಕಿ ಅವನನ್ನು ಈಗಲೇ ಹೊಡಿ ಎನ್ನುತ್ತಾನೆ. ಬಗ್ಸ್ ಡ್ಯಾಫಿಯ ಕಡೆ ತಿರುಗಿ, ಅವನು ನಿನ್ನನ್ನು ಈಗಲೇ ಹೊಡೆಯಬೇಕಾಗಿಲ್ಲ ಎಂದು ಸಮಾಧಾನದಿಂದ ಹೇಳುತ್ತಾನೆ. ಎದುರು ಮಾತಾಡುವುದೇ ಹುಟ್ಟುಗುಣವಾದ ಡ್ಯಾಫಿ, ನನ್ನನ್ನು ಹೊಡೆಯಲೇಬೇಕು ಎಂದು ಹಟ ಹಿಡಿಯುತ್ತಾನೆ. ಢಂ. ಸರ್ವನಾಮದಲ್ಲೇ ಎಡವಟ್ಟಾಗಿದೆ ಎಂದು ಅವನಿಗೆ ಹೊಳೆಯುತ್ತದೆ, ಆದರೆ ಹೊಳೆದೂ ಪ್ರಯೋಜನವಿಲ್ಲ.

ಈ ದೃಶ್ಯವನ್ನು ಕನ್ನಡಕ್ಕೆ ತರಲು ಹೋದರೆ ಒಂದು ಸೊಗಸಾದ ತೊಡಕು ಎದುರಾಗುತ್ತದೆ. ನಾವು ಮಾತಿನಲ್ಲಿ ಸರ್ವನಾಮಗಳನ್ನು ನುಂಗಿಬಿಡುತ್ತೇವೆ. 'ಅವ್ನು ನಿನ್ನ ಈಗ್ಲೇ ಹೊಡೀಬೇಕಾಗಿಲ್ಲ' ಎಂದರೆ ಕನ್ನಡದ ಡ್ಯಾಫಿ 'ಯಾಕೆ? ಹೊಡೀಲೇಬೇಕು!' ಅನ್ನುತ್ತಾನೆ. ಯಾರನ್ನು ಎಂಬುದೇ ವಾಕ್ಯದಲ್ಲಿಲ್ಲ. ಕನ್ನಡದ ಎಲ್ಮರ್ ಕೋವಿ ಹಿಡಿದುಕೊಂಡು ಕರ್ಮಪದ ಬರಲೆಂದು ಕಾಯುತ್ತಾ ನಿಲ್ಲಬೇಕಾಗುತ್ತದೆ. ಇಂಗ್ಲಿಷಿನ ವಾಕ್ಯ ಕರ್ಮವನ್ನು ಹೇಳಿಸಿಕೊಳ್ಳದೆ ಬಿಡುವುದಿಲ್ಲ, ಅದಕ್ಕೇ ಡ್ಯಾಫಿ ಸಿಕ್ಕಿಬೀಳುತ್ತಾನೆ. ಕನ್ನಡದಲ್ಲಿ ಅವನು ಸಾಯಬೇಕಾದರೆ ತಾನೇ ಎಳೆದುಕೊಳ್ಳಬೇಕು: 'ಹೊಡೀಬೇಕು, ನನ್ನನ್ನೇ ಹೊಡೀಬೇಕು!' ಆ ಒಂದು 'ಏ' ಅವನ ಪ್ರಾಣ ತೆಗೆಯುತ್ತದೆ. ಭಾಷಾಂತರ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋಚದು.

ಮಾತಿನ ಕೊನೆಗೆ ಬೀಳುವ ಪೂರ್ಣವಿರಾಮ ಈ ಕೋವಿ. ಯಾರ ವಾಕ್ಯ ಗಟ್ಟಿಯೋ ಅವರ ಕಡೆಗೆ ಅದು ಹೋಗುತ್ತದೆ. 'ಡಕ್! ರ‍್ಯಾಬಿಟ್, ಡಕ್!'ನಲ್ಲಂತೂ ಡ್ಯಾಫಿ ಸಿಟ್ಟಿನಲ್ಲಿ ತನ್ನನ್ನು ಆಡು, ಪಾರಿವಾಳ, ಮುಂಗುಸಿ ಎಂದೆಲ್ಲ ಕರೆದುಕೊಂಡ ಹಾಗೆಲ್ಲ ಬಗ್ಸ್ ಆಯಾ ಪ್ರಾಣಿಯ ಬೇಟೆಯ ಕಾಲದ ಬೋರ್ಡು ಎತ್ತಿಹಿಡಿಯುತ್ತಾನೆ, ಎಲ್ಮರ್ ಬೋರ್ಡು ಓದಿ ಹೊಡೆಯುತ್ತಾನೆ. ಉಪಮೆಯನ್ನು ಅಕ್ಷರಶಃ ತೆಗೆದುಕೊಳ್ಳುವ ಓದುಗನ ಕೈಗೆ ಕೋವಿ ಕೊಟ್ಟರೆ ಏನಾಗುತ್ತದೆ ಎಂಬುದು ಆ ದೃಶ್ಯ.

2020ರಲ್ಲಿ ಎಚ್‌ಬಿಒ ಮ್ಯಾಕ್ಸ್‌ಗಾಗಿ ಹೊಸ ಲೂನಿ ಟ್ಯೂನ್ಸ್ ಬಂದಾಗ ಕೋವಿ ಬೇಡವೆಂದು ತೀರ್ಮಾನವಾಯಿತು. ಅದರ ಹೊಣೆ ಹೊತ್ತಿದ್ದ ಪೀಟರ್ ಬ್ರೌನ್‌ಗಾರ್ಟ್ ಅದನ್ನು ನ್ಯೂಯಾರ್ಕ್ ಟೈಮ್ಸ್‌ಗೆ ನೇರವಾಗಿಯೇ ಹೇಳಿದರು. ಡೈನಮೈಟ್ ಇರಬಹುದು, ಕೋವಿ ಬೇಡ. ಎಲ್ಮರ್ ಉದ್ದ ಹಿಡಿಯ ದೊಡ್ಡ ಕುಡುಗೋಲು ಹಿಡಿದು ಬಂದ. ಶಾಲೆಗಳಲ್ಲಿ ಗುಂಡಿನ ದಾಳಿಯಾದರೆ ಮೇಜಿನ ಕೆಳಗೆ ಅಡಗುವುದನ್ನು ಮಕ್ಕಳಿಗೆ ಕಲಿಸಬೇಕಾಗಿ ಬಂದಿರುವ ದೇಶದಲ್ಲಿ ಆ ತೀರ್ಮಾನವನ್ನು ಇಲ್ಲಿ ಕೂತು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ನನ್ನ ಬರೀ ತೋಟೆಯ ಊಹೆಯೂ ಆ ದೇಶದ ನಿಜದ ಮುಂದೆ ಅಷ್ಟು ಹಗುರವಾಗಿ ಉಳಿಯುವುದಿಲ್ಲ. 1984ರಲ್ಲಿ ಜಾನ್ ಎರಿಕ್ ಹೆಕ್ಸಮ್ ಎಂಬ ನಟ ಟಿವಿ ಧಾರಾವಾಹಿಯೊಂದರ ಸೆಟ್ಟಿನಲ್ಲಿ ಬರೀ ತೋಟೆ ತುಂಬಿದ ರಿವಾಲ್ವರನ್ನು ತಮಾಷೆಗೆ ತಲೆಗೆ ಹಿಡಿದು ಒತ್ತಿ ಸತ್ತುಹೋದ. ಗುಂಡಿಲ್ಲದಿದ್ದರೂ ಅಷ್ಟು ಹತ್ತಿರದಲ್ಲಿ ಮದ್ದಿನ ಹೊಡೆತವೇ ಸಾಕು. ಡ್ಯಾಫಿ ಮಾಡುವುದನ್ನೇ ಅವನೂ ಮಾಡಿದ್ದು.

ಆದರೂ ಕಲೆಯ ಲೆಕ್ಕದಲ್ಲಿ ಕುಡುಗೋಲು ಸೋತಿತು ಎಂದೇ ನನ್ನ ಅಭಿಪ್ರಾಯ. ಮೊಲವನ್ನು ನಿರಪರಾಧಿ ಮಾಡುವ ಮೊದಲ ಕೆಲಸವನ್ನು ಅದು ಮಾಡುತ್ತದೆ. ಎರಡನೆಯದು ಅದರ ಕೈಲಾಗುವುದಿಲ್ಲ. ಕುಡುಗೋಲನ್ನು ಎದುರಿನವನ ಮೂಗಿಗೆ ಹಿಡಿದು ಕಾಯಲಾಗದು, ಬೀಸಬೇಕು. ಬೀಸಿದರೆ ಮೊಲ ಓಡಬೇಕು. ಓಡುವವರು ವ್ಯಾಕರಣ ಚರ್ಚಿಸುವುದಿಲ್ಲ. ಹೊಸ ಚಿತ್ರಗಳಲ್ಲಿ ಓಟ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಆ ನಿಂತ ಗಳಿಗೆ ಮಾತ್ರ ಇಲ್ಲ.

ಇದಕ್ಕಿಂತ ಕೆಟ್ಟದ್ದು ಹಿಂದೆಯೇ ನಡೆದಿತ್ತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಅಮೆರಿಕದ ಟಿವಿ ವಾಹಿನಿಗಳು ಶನಿವಾರ ಬೆಳಗ್ಗೆ ಮಕ್ಕಳಿಗೆಂದು ಹಳೆಯ ಚಿತ್ರಗಳನ್ನು ಹಾಕುವಾಗ ಈಡು ಹಾರುವ ತುಣುಕುಗಳನ್ನು ಕತ್ತರಿಸುತ್ತಿದ್ದವು. ಡ್ಯಾಫಿ ವಾದ ಮಾಡುತ್ತಿರುತ್ತಾನೆ, ಮರುಕ್ಷಣ ಮುಖಕ್ಕೆ ಮಸಿ, ಕೊಕ್ಕು ಹಿಂದಕ್ಕೆ. ಏನಾಯಿತು, ಯಾರು ಮಾಡಿದರು, ಗೊತ್ತಿಲ್ಲ. ಕೋವಿಯನ್ನು ಕಣ್ಣಿಂದ ಮರೆಮಾಡಿ ಅದರ ಪರಿಣಾಮವನ್ನಷ್ಟೇ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತು. 1942ರಲ್ಲಿ ಬಂದ ಡಿಸ್ನಿಯ 'ಬ್ಯಾಂಬಿ'. ಫೆಲಿಕ್ಸ್ ಸಾಲ್ಟನ್‌ನ ಕಾದಂಬರಿ ಅದರ ಮೂಲ, ಸಾಲ್ಟನ್ ಸ್ವತಃ ಬೇಟೆಗಾರ. ಆ ಚಿತ್ರದಲ್ಲಿ ಬೇಟೆಗಾರನ ಮುಖವಿಲ್ಲ. ಹಿಮದಲ್ಲಿ ತಾಯಿ ಮತ್ತು ಮರಿ ಓಡುತ್ತವೆ, ಒಂದು ಸದ್ದು ಕೇಳುತ್ತದೆ, ಮರಿ ಹಿಂತಿರುಗಿ ನೋಡಿದರೆ ತಾಯಿಯಿಲ್ಲ. ಆ ಕೋವಿ ಯಾವ ಬೋರಿನದು, ಎಷ್ಟು ತೋಟೆಯದು ಎಂದು ಯಾರೂ ಕೇಳುವುದಿಲ್ಲ. 'ಔಟ್‌ಡೋರ್ ಲೈಫ್' ಎಂಬ ಬೇಟೆಗಾರರ ಪತ್ರಿಕೆಯ ಸಂಪಾದಕರು ಇದು ಬೇಟೆಗಾರರಿಗೆ ಮಾಡಿದ ಅವಮಾನ ಎಂದು ಆಗ ಪ್ರತಿಭಟಿಸಿದ್ದರು. ಎರಡು ವರ್ಷ ಮೊದಲೇ ಬಂದಿದ್ದ ಎಲ್ಮರ್‌ನ ಬಗ್ಗೆ ಅಂಥ ಗದ್ದಲವೇನೂ ಏಳಲಿಲ್ಲ. ಕೋವಿಯನ್ನು ಎದುರಿಗೇ ಹಿಡಿದು, ಗುರಿ ಹೇಳಿ, ಕೇಳಿ, ಕಾದು ಹೊಡೆಯುವವನಲ್ಲವೇ ಅವನು. ಮಕ್ಕಳಿಗೆಂದು ಈಡನ್ನು ಕತ್ತರಿಸಿದ ವಾಹಿನಿಗಳವರು ಎಲ್ಮರ್‌ನ ಕೈಯಿಂದ ಆ ಬಡಪಾಯಿ ಡಮಾಸ್ಕಸ್ ಜೋಡುನಳಿಗೆಯನ್ನು ಕಸಿದು, ಬ್ಯಾಂಬಿಯ ತಾಯಿಯನ್ನು ಕೊಂದ ಕೋವಿಯನ್ನು ಕೊಟ್ಟಿದ್ದರು.